ವಿಷಾನಿಲದ ಜಮಾ-ಖರ್ಚು

ಮುಂಬಯಿ ಮಹಾನಗರದಲ್ಲಿ ಬಾಳುವ ನಮಗೆ ವಾಹನಗಳ ಹೊಗೆ ನಿತ್ಯದ ಸಂಗಾತಿ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷಾನಿಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಂಡು, ಅಂಗಾಂಗಗಳಿಗೆ ಪ್ರಾಣವಾಯು ದೊರೆಯದಂತೆ ಮಾಡುತ್ತದೆ.

1995ರ ಏಪ್ರಿಲ್ ತಿಂಗಳಿನಿಂದ ಮುಂಬಯಿಯೂ ಸೇರಿದಂತೆ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅದರೊಳಗೆ ಜೇನುಗೂಡಿನಂತಹ ಪಿಂಗಾಣಿಯ ಮೇಲೆ ಪ್ಲಾಟಿನಂ, ಪೆಲೇಡಿಯಂ ಮುಂತಾದ ಲೋಹಗಳ ಸೂಕ್ಷ್ಮ ಕಣಗಳಿರುತ್ತವೆ. ತಾವು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ಇವು ಘನ ಕ್ರಿಯಾವರ್ಧಕಗಳು. ವಿಷಾನಿಲವನ್ನು ಆಮ್ಲಜನಕದೊಡನೆ ಕೂಡಿಸಿ ಕಾರ್ಬನ್ ಡೈಆಕ್ಸೈಡನ್ನಾಗಿ ಮಾರ್ಪಡಿಸುವುದು ಇವುಗಳ ಕಾರ್ಯ.

ಕಣ್ಣಿಗೆ ಕಾಣದ ಈ ಕ್ರಿಯೆಯನ್ನು ಅರಿಯಲು ವಿಜ್ಞಾನಿಗಳು ಎರಡು ಉಪಕರಣಗಳನ್ನು ಜೊತೆಗೂಡಿಸುತ್ತಾರೆ. ಮೊದಲನೆಯದು ಅವಕೆಂಪು ರೋಹಿತಮಾಪಕ. ಒಂದೊಂದು ಬಗೆಯ ಅಣುವೂ ತನಗೆ ವಿಶಿಷ್ಟವಾದ ಅವಕೆಂಪು ಕಿರಣಗಳನ್ನು ಹೀರುವುದರಿಂದ, ಲೋಹದ ಮೇಲೆ ಕುಳಿತಿರುವುದು ಯಾವುದೆಂದು ತಿಳಿಯುತ್ತದೆ. ಎರಡನೆಯದು ಗ್ಯಾಸ್ ಕ್ರೊಮೆಟೊಗ್ರಾಫ್. ಹೊರಬಂದ ಅನಿಲಮಿಶ್ರಣವನ್ನು ಇದು ನೀಳವಾದ ನಳಿಕೆಯಲ್ಲಿ ಹಾಯಿಸಿ, ಬೇರ್ಪಡಿಸಿ, ಒಂದೊಂದರ ಪ್ರಮಾಣವನ್ನೂ ಅಳೆಯುತ್ತದೆ. ಬ್ಯಾಂಕಿನ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ಖಾತೆಯಲ್ಲುಳಿದ ಶಿಲ್ಕನ್ನೂ ಇನ್ನೊಂದು ಆದ ಬಟವಾಡೆಯನ್ನೂ ತೋರಿಸುತ್ತದೆ. ಎರಡೂ ತಾಳೆಯಾಗದೆ ಲೆಕ್ಕ ಮುಗಿಯದು. ಏಕೆಂದರೆ ಲೋಹದ ಮೇಲೆ ಕುಳಿತವೆಲ್ಲವೂ ಕ್ರಿಯೆಯಲ್ಲಿ ಪಾಲ್ಗೊಳ್ಳುವುದಿಲ್ಲ, ಕೆಲವು ಕೇವಲ ಪ್ರೇಕ್ಷಕರು. ನಮ್ಮ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿಯೂ ಎನ್. ಎಂ. ಗುಪ್ತಾ, ವಿ. ಎಸ್. ಕಾಂಬ್ಳೆ ಮೊದಲಾದವರು 1990ರ ದಶಕದಲ್ಲಿ, ರುಥೇನಿಯಂ ಕ್ರಿಯಾವರ್ಧಕದ ಮೇಲೆ ಕಾರ್ಬನ್ ಮಾನಾಕ್ಸೈಡ್ ವರ್ತಿಸುವ ಬಗೆಯನ್ನು ಅವಕೆಂಪು ಕಿರಣಗಳಿಂದ ಅಭ್ಯಸಿಸಿದರು.

ಇಂತಹ ಅಧ್ಯಯನಗಳಿಂದ ತಿಳಿದುಬಂದ ಒಂದು ಸಂಗತಿ ಆರೋಗ್ಯದೃಷ್ಟಿಯಿಂದ ಮಹತ್ವದ್ದು. ಲೋಹ ತಣ್ಣಗಿರುವಾಗ ರೋಹಿತದಲ್ಲಿ ವಿಷಾನಿಲದ ಗುರುತು ದಟ್ಟವಾಗಿರುತ್ತದೆ. ಹೊರಬರುವ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಅತ್ಯಲ್ಪ. ಶಾಖವೇರಿದಂತೆ ಆ ಗುರುತು ಕ್ಷೀಣಿಸಿ, ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ. ಎಂದರೆ, ರಕ್ತದಲ್ಲಿ ಮಾಡುವಂತೆಯೇ ಲೋಹದ ಮೇಲೂ ಈ ವಿಷ ಸ್ಥಳವನ್ನೆಲ್ಲ ಆಕ್ರಮಿಸಿ ಆಮ್ಲಜನಕಕ್ಕೆ ಎಡೆಗೊಡದು. ಶಾಖವೇ ಅದನ್ನು ತೆರವುಗೊಳಿಸಬೇಕು.

ಆದುದರಿಂದ, ಕನ್ವರ್ಟರ್ ಇದೆಯೆಂಬ ಭರವಸೆಯಿಂದ ಮೈಮರೆಯಬಾರದು. ಅದು ಸಾಮಾನ್ಯವಾಗಿ 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಬಳಿಕವೇ ಸರಿಯಾಗಿ ಕೆಲಸ ಮಾಡತೊಡಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ, ಕಟ್ಟಡದ ನೆಲಮಾಳಿಗೆಯಲ್ಲಿ ಎಂಜಿನನ್ನು ಚಾಲೂ ಇಟ್ಟು ನಿಲ್ಲುವುದು ಅಪಾಯಕರ. ಅಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಂಡರೆ ಒಡನೆಯೇ ಬಯಲಿನ ಗಾಳಿಗೆ ಬಂದು ವೈದ್ಯರನ್ನು ಕಾಣುವುದು ಅವಶ್ಯಕ.