ಇಲಿಯೂ ಅಲ್ಲ, ಜಿಂಕೆಯೂ ಅಲ್ಲ

ಪ್ರಶ್ನೆ: ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ ‘ಮೌಸ್ ಡಿಯರ್’ ಇದೆಯಂತೆ. ಅದು ಇಲಿಯ ಜಾತಿಯೋ, ಜಿಂಕೆಯ ಜಾತಿಯೋ?

ಉತ್ತರ: ಎರಡೂ ಅಲ್ಲ! ನಮ್ಮ ಮಲೆನಾಡಿನವರು ಬರ್ಕ, ಬರಿಂಕ ಎನ್ನುವುದು ಇದನ್ನೇ. ತೂಕ ಮೂರು ಕಿಲೋ ಆಸುಪಾಸು, ಕಡ್ಡಿಯಂಥ ಕಾಲು, ಕಂದು ಮೈಮೇಲೆ ಬಿಳಿ ಚುಕ್ಕೆ, ಪಟ್ಟೆ. ಗೊರಸಿದೆ, ಮೆಲುಕು ಹಾಕುತ್ತದೆ; ಸರಿ, ಜಿಂಕೆ ಎನ್ನೋಣವೆಂದರೆ ಕೊಂಬೇ ಇಲ್ಲ. ಬದಲಿಗೆ ಗಂಡಿನ ಮೇಲ್ದವಡೆಯಿಂದ ಕೋರೆಹಲ್ಲು ಇಣುಕುತ್ತದೆ. ಹಸು, ಜಿಂಕೆಗಳ ಹೊಟ್ಟೆಗೆ ನಾಲ್ಕು ಕೋಣೆ. ಬರ್ಕದ ಹೊಟ್ಟೆಯಲ್ಲಿ ಸರಿಯಾಗಿ ಬೆಳೆದಿರುವುದು ಮೂರೇ.

ಪ್ರಾಣಿಶಾಸ್ತ್ರದ ಪಂಡಿತರೂ ತಡವರಿಸಿದ್ದಾರೆ. 1777ರಲ್ಲಿ ಎರ್ಕ್ಸ್‌ಲೆಬೆನ್ ಇದನ್ನು ಕಸ್ತೂರಿಮೃಗದ ಸಾಲಿಗೆ ಸೇರಿಸಿದ, ಕಸ್ತೂರಿಯ ಸುಳಿವೇ ಇಲ್ಲದಿದ್ದರೂ! ಈಗ ಇದು ಟ್ರಾಗುಲಿಡೇ ಎಂಬ ಬೇರೆಯದೇ ಕುಟುಂಬದ್ದು. ಭಾರತದ್ದೂ ಶ್ರೀಲಂಕಾದ್ದೂ ಒಂದೇ ಪ್ರಭೇದವೆಂದು ಬಹುಕಾಲ ನಂಬಿದ್ದರು. 2005ರಲ್ಲಿ ಗ್ರೋವ್ಸ್ ಮತ್ತು ಮೈಯಾರ್ಡ್ ತಲೆಬುರುಡೆ, ಮೈಬಣ್ಣ ಹೋಲಿಸಿ ಮೂರಾಗಿ ಒಡೆದರು. ಬರ್ಕಕ್ಕೆ ಇದಾವುದರ ಗೊಡವೆಯೂ ಇಲ್ಲ ಬಿಡಿ.

ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಲ್ಯಾಕೋನ್ಸ್ ಪ್ರಯೋಗಾಲಯದ ಜೊತೆಗೂಡಿ ನೀವು ಹೇಳಿದ ಮೃಗಾಲಯ 2010ರಲ್ಲಿ ಇದರ ಸಂತಾನ ಬೆಳೆಸಲು ಶುರುಮಾಡಿತು. ಕೆಲವನ್ನು ತೆಲಂಗಾಣದ ಅಮ್ರಾಬಾದ್ ಕಾಡಿಗೂ ಬಿಟ್ಟಿದ್ದಾರೆ. ಬಲು ಪುಕ್ಕಲು ಪ್ರಾಣಿ. ನೋಡಹೋದರೆ ದಯವಿಟ್ಟು ಸದ್ದು ಮಾಡಬೇಡಿ.