ಧೂಳೆಲ್ಲ ಒಂದೇ ಧೂಳಲ್ಲ

ನಾರಾಯಣಗೂಡದ ಮೇಲ್ಸೇತುವೆಗೆ ಸಮೀಪದ ಓಣಿಯೊಂದರಲ್ಲಿ, ಮೊದಲನೆಯ ಮಹಡಿಯಲ್ಲಿ ನಮ್ಮ ವಾಸ. ರಸ್ತೆಯ ಕಡೆಗೆ ಒಂದು ಕೋಣೆ. ಹಿಂದುಗಡೆ, ಬೇವಿನ ಮರದ ಕಡೆಗೆ ಇನ್ನೊಂದು. ಗಾಳಿ ಬೆಳಕು ಚೆನ್ನಾಗಿದೆಯೆಂದು ರಸ್ತೆಯ ಕಡೆಯದನ್ನು ನಮ್ಮ ಅವ್ವನಿಗೆ ಬಿಟ್ಟುಕೊಟ್ಟಿದ್ದೆವು. ಬೀದರ ಜಿಲ್ಲೆಯ ಹಳ್ಳಿಯಿಂದ ಬಂದ ಆಕೆಗೆ ಹೋದ ಚಳಿಗಾಲದಲ್ಲಿ ಕೆಮ್ಮು ಹತ್ತಿತು, ಮೆಟ್ಟಿಲೇರುವುದೇ ದುಸ್ತರವಾಯಿತು. ಡಾಕ್ಟರು ಕೊಳವೆಯಲ್ಲಿ ಊದಿಸಿ ನೋಡಿ, ಇದು ಬಹುಕಾಲ ಬೀಡಿ ಸೇದಿದವರಿಗೆ ಬರುವಂಥ ಶ್ವಾಸಕೋಶದ ಕಾಯಿಲೆ ಎಂದರು. ಅವ್ವನಿಗೆ ಸಿಟ್ಟು ಬಂದಿತು.

"ನಾ ಯಾವಾಗರೆ ಬೀಡಿ ಸೇದೀನೇನ್ರಿ? ಒಲಿ ಮುಂದ ಕೂತು ರೊಟ್ಟಿ ಬಡಿದೀನಿ, ಅಷ್ಟ."

"ಅದೇ ಕಾರಣ, ತಾಯಿ" ಎಂದರು ಡಾಕ್ಟರು.

ಅಂದಿನಿಂದ ನಮಗೆ ಗಾಳಿಯಲ್ಲಿರುವ ಕಣಗಳ ವಿಷಯದಲ್ಲಿ ಕುತೂಹಲ ಹುಟ್ಟಿತು. ನಮ್ಮ ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ದೊಡ್ಡ ಧೂಳನ್ನು ಮೂಗು ಗಂಟಲುಗಳೇ ಬಹುಮಟ್ಟಿಗೆ ತಡೆಯುತ್ತವೆ, ಸೀನಿದರೆ ಹೊರಬೀಳುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅದಕ್ಕೂ ಅತಿ ಸೂಕ್ಷ್ಮವಾದ ಕೆಲವು ರಕ್ತಕ್ಕೇ ಸೇರಬಲ್ಲವು. ಕೆಮ್ಮು ಉಬ್ಬಸಗಳಷ್ಟೇ ಅಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳಿಗೂ ಗಾಳಿಯೇ ಕಾರಣವಾಗುವುದು ಹೀಗೆ.

ವಿಶ್ವ ಆರೋಗ್ಯ ಸಂಸ್ಥೆಯವರು 2021ರಲ್ಲಿ, ಈ ಸಣ್ಣ ಕಣಗಳು ಒಂದು ಘನ ಮೀಟರು ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಮು ಮೀರಬಾರದೆಂದರು. ನಮ್ಮ ದೇಶದ 2009ರ ಮಿತಿ 40. ಎರಡೂ ಲೆಕ್ಕ ತೂಕದ್ದು. ಆದರೆ ಒಂದು ಸೇರು ಬೆಲ್ಲವೂ ಒಂದು ಸೇರು ಸುಣ್ಣವೂ ತಕ್ಕಡಿಗೆ ಸಮವಾದರೆ ಹೊಟ್ಟೆಗೂ ಸಮವೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಒಂದು ಮುಷ್ಕರದ ದೆಸೆಯಿಂದ. ಅಮೆರಿಕದ ಯೂಟಾ ಕಣಿವೆಯ ಉಕ್ಕಿನ ಕಾರ್ಖಾನೆಯೊಂದು ಕಾರ್ಮಿಕರ ವಿವಾದದಿಂದ 1986ರ ಆಗಸ್ಟಿನಲ್ಲಿ ಮುಚ್ಚಿ, ಮರುವರ್ಷ ಸೆಪ್ಟೆಂಬರಿನಲ್ಲಿ ತೆರೆಯಿತು. ಕಾರ್ಖಾನೆ ನಡೆದ ಚಳಿಗಾಲಗಳಲ್ಲಿ ಉಬ್ಬಸ, ಶ್ವಾಸನಾಳದ ಉರಿಗಳಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲದ ಎರಡು ಮೂರು ಪಟ್ಟು ಇತ್ತೆಂದು ಆರ್ಡನ್ ಪೋಪ್ ಎಂಬ ವಿದ್ವಾಂಸರು ಲೆಕ್ಕ ತೆಗೆದರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ವರ್ಷಗಳಲ್ಲಿ ಗಾಳಿ ಸೋಸಿದ ಕಾಗದಗಳನ್ನು ಯಾರೋ ಪುಣ್ಯಾತ್ಮರು ಜೋಪಾನವಾಗಿ ಇಟ್ಟಿದ್ದರು! ಹಲವು ವರ್ಷಗಳ ತರುವಾಯ ಅದರಿಂದ ತೆಗೆದ ಧೂಳಿನ ಸಾರವನ್ನು, ಒಪ್ಪಿ ಮುಂದೆ ಬಂದ ಆರೋಗ್ಯವಂತರ ಶ್ವಾಸಕೋಶದಲ್ಲಿ ಪರೀಕ್ಷಿಸಿದರು. ಪ್ರಮಾಣ ಒಂದೇ ಆದರೂ ಕಾರ್ಖಾನೆ ನಡೆದ ವರ್ಷದ ಧೂಳು ಹೆಚ್ಚು ಉರಿಯೂತ ಮಾಡಿತು. ಅದರಲ್ಲಿ ತಾಮ್ರ, ಸತು, ಕಬ್ಬಿಣಗಳ ಅಂಶ ಹೆಚ್ಚಿತ್ತು.

ಕಲ್ಲಿದ್ದಲಿನ ಮಾತೂ ಹಾಗೆಯೇ. ಅಲ್ಲಿನ ವಿದ್ಯುದಾಗಾರಗಳ ಕಣಗಳಿಂದ ಸಾವಿನ ಭಯ ಸಾಮಾನ್ಯ ಕಣಗಳಿಗಿಂತ ಎರಡು ಪಟ್ಟು ಎಂದು 2023ರ ಅಧ್ಯಯನವೊಂದು ತೋರಿಸಿತು. ಡೀಸೆಲ್ ಹೊಗೆಯು ಕ್ಯಾನ್ಸರು ತರುವುದೆಂದು ಅಂತರರಾಷ್ಟ್ರೀಯ ತಜ್ಞರು 2012ರಲ್ಲೇ ನಿರ್ಣಯಿಸಿದ್ದಾರೆ. ಬ್ರೇಕು ಸವೆದು ಉದುರುವ ಲೋಹದ ಪುಡಿಯೂ ಸಾಧುವಲ್ಲ. ಹೊಗೆಯುಗುಳದ ವಿದ್ಯುತ್ ಗಾಡಿಯೂ ಒಮ್ಮೊಮ್ಮೆ ಬ್ರೇಕು ಹಾಕಲೇಬೇಕಷ್ಟೆ! ಇವುಗಳ ಮುಂದೆ ಹೊಲದ ಮಣ್ಣಿನ ಧೂಳು ತೂಕದಲ್ಲಿ ಹೆಚ್ಚು, ಕೇಡಿನಲ್ಲಿ ಸಾಮಾನ್ಯವಾಗಿ ಕಡಿಮೆ. ಕಲ್ಲು ಕೊರೆಯುವ ಧೂಳನ್ನು ಮಾತ್ರ ಹೀಗೆ ಹಗುರಾಗಿ ಕಾಣುವಂತಿಲ್ಲ. ಅದರ ಸಿಲಿಕಾ ಕಣ ಕೂಲಿಕಾರರ ಎದೆಯನ್ನೇ ಗಟ್ಟಿಮಾಡಿಬಿಡುತ್ತದೆ.

ಇಷ್ಟು ತಿಳಿದ ಮೇಲೆ ನಾವು ಮನೆಯೊಳಗೆ ಕಣ್ಣು ಹಾಯಿಸಿದೆವು. ಚಳಿಗಾಲದ ಮುಂಜಾವಿನಲ್ಲಿ ನೆಲದ ತಣ್ಣನೆಯ ಗಾಳಿಗೆ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತಾಗಿ ಹೊಗೆ ಏರಲಾರದೆ ಕೆಳಗೇ ನಿಲ್ಲುತ್ತದೆ. ಅದೇ ಹೊತ್ತಿಗೆ, ಶುದ್ಧ ಗಾಳಿ ಬರಲೆಂದು ಅವ್ವನ ಕಿಟಕಿಯನ್ನು ನಾವೇ ತೆರೆದಿಡುತ್ತಿದ್ದೆವು! ರಾತ್ರಿ ಮಂಚದ ಕೆಳಗೆ ಸೊಳ್ಳೆಬತ್ತಿ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುವುದೆಂಬ 2003ರ ಲೆಕ್ಕವನ್ನು ಓದಿದಾಗ ನಮಗೆ ತಲೆ ತಗ್ಗಿಸುವಂತಾಯಿತು. ಬೀಡಿ ಸೇದದ ಅವ್ವನಿಗೆ ಅದನ್ನು ಹಚ್ಚಿಟ್ಟವರು ನಾವೇ.

ಮೃಗಶಿರೆ ಹುಟ್ಟಿದಾಗ ನಾಂಪಲ್ಲಿಯಲ್ಲಿ ಉಬ್ಬಸಕ್ಕೆ ಕೊಡುವ ಮೀನಿನ ಪ್ರಸಾದಕ್ಕೆ ಕರೆದೊಯ್ಯಿರೆಂದು ಬಂಧುಗಳು ಹೇಳಿದರು. ಶಾಕಾಹಾರಿಯಾದ ಅವ್ವ ಕೇಳಿಯೇ ಮುಖ ತಿರುಗಿಸಿದಳು. ನಮಗೂ ಡಾಕ್ಟರ ಔಷಧದಲ್ಲೇ ನಂಬಿಕೆ. ಮಂಚ ಬೇವಿನ ಮರದ ಕಡೆಗೆ ಹೋಯಿತು. ಬತ್ತಿಯ ಬದಲು ಸೊಳ್ಳೆಪರದೆ ಬಂದಿತು. ಒಗ್ಗರಣೆಯ ಹೊತ್ತಿಗೆ ಅಡಿಗೆಮನೆಯ ಗಾಳಿಯಂತ್ರ ತಪ್ಪದೆ ತಿರುಗುತ್ತದೆ. ಹಳೆಯ ಒಲೆಯ ಹೊಗೆ ಕೆಡಿಸಿದ್ದು ಸರಿಯಾಗದೆಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಆದರೂ ಈ ಚಳಿಗಾಲದಲ್ಲಿ ಅವ್ವ ನಡುವೆ ಒಂದೇ ಸಲ ನಿಂತು ಮೆಟ್ಟಿಲೇರುತ್ತಿದ್ದಾಳೆ. ಆಕೆಯ ದೂರು ಈಗ ಬೇರೆ: ಹಿಂದಿನ ಕೋಣೆಯಿಂದ ರಸ್ತೆಯ ಮೇಲೆ ಹೋಗಿಬರುವವರು ಒಬ್ಬರೂ ಕಾಣುವುದಿಲ್ಲವಂತೆ.