ರಸೀದಿಯಲ್ಲಿ ಸಿಕ್ಕ ಗ್ರಂಥಾಲಯ

ಅಬ್ಬಾ ಮನೆ ಕಂದಾಯ ಕಟ್ಟಿ ಬಂದು ರಸೀದಿಯನ್ನು ನನ್ನ ಕೈಗೆ ಕೊಟ್ಟರು, ಬೀರುವಿನಲ್ಲಿ ಇಡು ಎಂದು. ಇಡುವ ಮೊದಲು ಸುಮ್ಮನೆ ಓದಿದೆ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ. ಅವುಗಳ ನಡುವೆ 'ಗ್ರಂಥಾಲಯ ಕರ' ಎಂಬ ಸಾಲೂ ಇತ್ತು. "ಇದು ಏನು ಅಬ್ಬಾ?" ಎಂದೆ. "ಕಟ್ಟಬೇಕು ಅಂದರು, ಕಟ್ಟಿದೆ. ಲೈಬ್ರರಿಗೆ ಹೋಗುವವರು ನೀವಲ್ಲವಾ, ನೀನೇ ಹೇಳು" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಹೋಗುತ್ತಲೂ ಇರಲಿಲ್ಲ.

ಆಮೇಲೆ ತಿಳಿದುಕೊಂಡೆ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯಕ್ಕೆಂದು ಸೇರುತ್ತದೆ. ಅಂದರೆ ನಮ್ಮ ಮನೆಯವರು ಎಷ್ಟೋ ವರ್ಷಗಳಿಂದ ಚಂದಾ ಕಟ್ಟುತ್ತಲೇ ಬಂದಿದ್ದಾರೆ, ನಾವು ಬಾಗಿಲು ದಾಟಿಲ್ಲ ಅಷ್ಟೆ.

ಹಳ್ಳಿಯ ಗ್ರಂಥಾಲಯಗಳು ಮೊದಲು ಗ್ರಂಥಾಲಯ ಇಲಾಖೆಯ ಕೆಳಗಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಹೆಸರು 'ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ' ಎಂದಾಯಿತು. ಹೆಸರಿನ ಮೊದಲ ಅರ್ಧ ಎಲ್ಲರಿಗೂ ಗೊತ್ತು. 'ಮಾಹಿತಿ ಕೇಂದ್ರ' ಎಂಬ ಎರಡನೆಯ ಅರ್ಧವನ್ನು ನಾವು ಓದುವುದೇ ಇಲ್ಲ. ಈಗ 'ಅರಿವು ಕೇಂದ್ರ' ಎಂಬ ಹೆಸರೂ ಬಳಕೆಯಲ್ಲಿದೆ. ಇದನ್ನು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಜೊತೆ ಬೆರೆಸಿಕೊಳ್ಳಬೇಡಿ. ಅದು ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿ ಶಿಕ್ಷಣಕ್ಕೆ ಸೇರುವವರಿಗೆ ಕೊಡುವ ಸಾಲ. ಹಾಗೆಂದು ಆ ಅರಿವಿನ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದನ್ನು ಈ ಅರಿವಿನಲ್ಲಿ ಕೂತು ಪತ್ರಿಕೆಯಲ್ಲಿ ನೋಡಬಹುದು!

ವಿದ್ಯಾರ್ಥಿವೇತನದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹೋದ ವರ್ಷ ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಾಗ ಗೆಳತಿಯೊಬ್ಬಳಿಂದ ಸುದ್ದಿ ತಿಳಿಯಿತು. ಓಡಿ ಹೋಗಿ ನೋಡಿದರೆ ಆದಾಯ ಪ್ರಮಾಣ ಪತ್ರವೇ ಇರಲಿಲ್ಲ. ಅದು ಕೈಗೆ ಬರುವಷ್ಟರಲ್ಲಿ ದಿನಾಂಕ ಮುಗಿದಿತ್ತು. ಓಡಾಟಕ್ಕೆ ಖರ್ಚಾದ ದುಡ್ಡು ಬೇರೆ. ಕೆಲಸದ ಕ್ರಮ ಮೊದಲೇ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲ. ಆದಾಯ ಪತ್ರ ನಾಡಕಚೇರಿಯಿಂದ ಬರಬೇಕು. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಬೇಕು. ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ಬರುತ್ತದೆ, ಆದ್ದರಿಂದ ಖಾತೆಗೆ ಆಧಾರ್ ಜೋಡಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಬೇಕು. ಮೂರೂ ಬೇರೆ ಬೇರೆ ಕಡೆಯ ಕೆಲಸ. ಯಾವುದನ್ನು ಎಲ್ಲಿ ಮೊದಲು ಮಾಡಬೇಕು ಎಂದು ಹೇಳುವವರು ಒಬ್ಬರು ಬೇಕು. ಗ್ರಂಥಾಲಯದ ಮೇಲ್ವಿಚಾರಕರು ಊರಿನವರೇ ಆಗಿರುತ್ತಾರೆ, ಪಂಚಾಯಿತಿಯ ಒಳಹೊರಗು ಅವರಿಗೆ ಗೊತ್ತಿರುತ್ತದೆ. ಪಂಚಾಯಿತಿಯಲ್ಲಿ ಬಾಪೂಜಿ ಸೇವಾ ಕೇಂದ್ರ ಇದೆ, ಅಲ್ಲಿ ಯಾವ ಪತ್ರ ಸಿಗುತ್ತದೆ, ಯಾವುದಕ್ಕೆ ಗುಬ್ಬಿಗೆ ಹೋಗಬೇಕು ಎಂಬುದನ್ನು ಅವರನ್ನು ಕೇಳಬಹುದು. ಕೇಳುವಾಗ "ಸ್ಕಾಲರ್‌ಶಿಪ್ ಬಗ್ಗೆ ಹೇಳಿ ಸರ್" ಎಂದರೆ ಅವರಿಗೂ ಕಷ್ಟ. "ಪಿಯುಸಿ ಎರಡನೇ ವರ್ಷ ಓದುತ್ತಿದ್ದೇನೆ, ಆದಾಯ ಪತ್ರ ಹಳೆಯದಿದೆ, ಹೊಸದು ಬೇಕಾ?" ಎಂದರೆ ಉತ್ತರ ಸಿಗುತ್ತದೆ.

ಇನ್ನೊಂದು ವಿಷಯ ಕೆಲಸದ್ದು. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆ ಆಯಿತು. 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು. 615 ಎಕರೆ ಜಾಗ. ಅಂದಿನಿಂದ ನಮ್ಮ ಕಡೆ ಟೀ ಅಂಗಡಿಯಲ್ಲಿ ಕೂತರೆ ಸಾಕು, "ಅಲ್ಲಿ ಆಳು ತಗೋತಿದ್ದಾರಂತೆ", "ಇಂಥವರಿಗೆ ಹೇಳಿದರೆ ಆಗುತ್ತಂತೆ" ಎಂಬ ಮಾತು. ಈ 'ಅಂತೆ'ಗಳನ್ನು ನಂಬಿ ಯಾರಿಗೂ ದುಡ್ಡು ಕೊಡಬೇಡಿ. ಸರ್ಕಾರಿ ಕಂಪನಿಯ ನೇಮಕಾತಿ, ಅಪ್ರೆಂಟಿಸ್ ಪ್ರಕಟಣೆಗಳು ಕಂಪನಿಯ ಜಾಲತಾಣದಲ್ಲೇ ಇರುತ್ತವೆ. ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಹತ್ತು ನಿಮಿಷ ನೋಡಿದರೆ ಸುದ್ದಿ ನಿಜವೋ ಸುಳ್ಳೋ ತಿಳಿಯುತ್ತದೆ.

ಬರೀ ಅರ್ಜಿಗಳ ಮಾತೇ ಆಯಿತು. ಆಟಕ್ಕೂ ಗ್ರಂಥಾಲಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಲವು ಪಂಚಾಯಿತಿ ಗ್ರಂಥಾಲಯಗಳಲ್ಲಿ ಚೆಸ್, ಕೇರಂ ಇಟ್ಟಿದ್ದಾರೆ. ಆದರೆ ನಾನು ಹೇಳುವುದು ಪತ್ರಿಕೆಯ ಜಿಲ್ಲಾ ಪುಟದ ಬಗ್ಗೆ. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟ ಎಂದು, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಯಾವ ನಾಟಕ ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ಗುಬ್ಬಿ. ಆ ತಾಲ್ಲೂಕಿನವರಾಗಿ ನಮ್ಮಲ್ಲಿ ಎಷ್ಟು ಜನ ಒಂದು ನಾಟಕವನ್ನು ರಂಗದ ಮೇಲೆ ನೋಡಿದ್ದೇವೆ? ದೂರದ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ 'ಓಡಿ' ಎಂಬ ಗ್ರಂಥಾಲಯದಲ್ಲಿ ಹೊಲಿಗೆ ಯಂತ್ರಗಳೂ ಸಂಗೀತ ಅಭ್ಯಾಸದ ಕೋಣೆಗಳೂ ಇವೆಯಂತೆ. ನಮಗೆ ಅಷ್ಟು ಬೇಡ, ಬೆಳಕಿರುವ ಒಂದು ಕೋಣೆ, ನಾಲ್ಕು ಕುರ್ಚಿ ಸಾಕು. ಹುಡುಗರಿಗೆ ಮೈದಾನ ಇದೆ, ಸರ್ಕಲ್ ಇದೆ. ನಾವು ಹುಡುಗಿಯರು ಮನೆ ಮತ್ತು ಕಾಲೇಜು ಬಿಟ್ಟು ಕೂರುವ ಜಾಗ ಯಾವುದು? "ಲೈಬ್ರರಿಗೆ ಹೋಗಿ ಬರುತ್ತೇನೆ" ಎಂದರೆ ನಮ್ಮ ಅಮ್ಮಿ ಬೇಡ ಎನ್ನುವುದಿಲ್ಲ. ಜೊತೆಗೆ ತಂಗಿಯನ್ನೂ ಕಳಿಸುತ್ತಾರೆ, ಅದೊಂದೇ ತೊಂದರೆ.

ಸದಸ್ಯತ್ವದ ಬಗ್ಗೆ ಒಂದು ಮಾತು. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ನಮ್ಮಲ್ಲಿ ಬಹಳ ಜನ 16, 17ರಲ್ಲಿದ್ದೇವೆ. ತಡ ಮಾಡಬೇಡಿ.

ಎಲ್ಲ ಕಡೆ ಎಲ್ಲವೂ ಸರಿ ಇದೆ ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದೇ ದೊಡ್ಡ ಪ್ರಶ್ನೆ, ಕೆಲವು ಕಡೆ ಇಂಟರ್‌ನೆಟ್ ಇರುವುದಿಲ್ಲ. ಆದರೂ ಒಂದು ಕೆಲಸಕ್ಕೆ ಇಂಟರ್‌ನೆಟ್ ಬೇಕಿಲ್ಲ. ನಾನೂ ಮೂವರು ಗೆಳತಿಯರೂ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಸಿಗುವ ಸಮಯ, ಗುಬ್ಬಿಯಿಂದ ಸಂಜೆ ಕೊನೆಯ ಬಸ್, ಯಾವ ಮೈದಾನದಲ್ಲಿ ಯಾರು ಬೇಕಾದರೂ ಆಡಬಹುದು, ಇವನ್ನು ವಿಚಾರಿಸಿ ಬರೆಯುತ್ತಿದ್ದೇವೆ. ಮೊದಲ ಪುಟದಲ್ಲಿ ನಾಲ್ಕು ನಂಬರ್ ಇವೆ: ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮನಸ್ಸಿಗೆ ಕಷ್ಟವಾದಾಗ ಮಾತನಾಡಲು ಟೆಲಿ ಮಾನಸ್ 14416, ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡರೆ 1930. ಬಸ್ಸಿನ ಸಮಯ ಬದಲಾಗುತ್ತಲೇ ಇರುತ್ತದೆ, ಅದಕ್ಕೇ ಪ್ರತಿ ಸಾಲಿನ ಮುಂದೆ ವಿಚಾರಿಸಿದ ದಿನಾಂಕ ಹಾಕುತ್ತೇವೆ. ಪುಸ್ತಕ ಗ್ರಂಥಾಲಯದ ಮೇಜಿನ ಮೇಲೆ ಇರುತ್ತದೆ. ಕುಣಿಗಲ್ ಕಡೆಯಿಂದ ಬರುವವರ ಬಸ್ಸಿನ ಪುಟ ಇನ್ನೂ ಖಾಲಿ ಇದೆ. ಆ ಕಡೆಯವರು ಯಾರಾದರೂ ಬಂದು ಬರೆಯಿರಿ. ಪೆನ್ನು ಮಾತ್ರ ನೀವೇ ತನ್ನಿ, ಅಲ್ಲಿ ಇಟ್ಟ ಎರಡೂ ಕಾಣೆಯಾಗಿವೆ.